ಬೆವರಿಗೆ ಪಾಯಿಂಟ್ ಇಲ್ಲ

ಜಯನಗರದ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು ನಾನು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ‘ಮೇಡಂ, ಮಕ್ಕಳು ಮೈ ಬಗ್ಗಿಸ್ತಾನೇ ಇಲ್ಲ, ಏನ್ ಮಾಡೋದು?’ ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಹಾರಗಳ ವಿಷಯ ಬಿಟ್ಟುಬಿಡುತ್ತೇನೆ, ಪಿ.ಟಿ.ಯವರಿಗೆ ಅವು ಬರುವುದೂ ಕಡಿಮೆ. ಧೈರ್ಯ ತುಂಬುವ ಮಾತು ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು.

ಈ ಕೆಲಸಕ್ಕೆ ಬೇಕಾದ ಮುಖ್ಯ ವಿದ್ಯೆ ನನಗೆ ಬಂದದ್ದು ನಾಲ್ಕನೇ ಬ್ಲಾಕಿನ ಮಾರ್ಕೆಟ್ ಪಕ್ಕದ ಫುಟ್‌ಪಾತಿನಲ್ಲಿ. ಅಮ್ಮ ಅಲ್ಲಿ ಸೊಪ್ಪು ಮಾರುತ್ತಿದ್ದಳು. ಶಾಲೆ ಮುಗಿಸಿ ಬಂದು ಪಕ್ಕದಲ್ಲಿ ಕೂತು ಸೊಪ್ಪಿಗೆ ನೀರು ಚಿಮುಕಿಸುವುದು ನನ್ನ ಕೆಲಸ. ಅಮ್ಮ ಎಂದೂ ಬೆಲೆ ಮೊದಲು ಹೇಳಿದವಳಲ್ಲ. ಕಟ್ಟನ್ನು ಗಿರಾಕಿಯ ಕೈಗೆ ಕೊಡುತ್ತಿದ್ದಳು, ‘ವಾಸನೆ ನೋಡಿ ಮೇಡಂ’ ಎನ್ನುತ್ತಿದ್ದಳು, ಆಮೇಲೆ ಬೇರೆ ಕಡೆ ನೋಡುತ್ತಿದ್ದಳು. ಕೈಗೆ ಬಂದದ್ದನ್ನು ವಾಪಸ್ ಇಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಥ್ರೋಬಾಲ್ ಆಡಿ ನನಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಅದರಿಂದ ಕೆಲಸವೂ ಸಿಕ್ಕಿತು. ಆದರೆ ಕೆಲಸದಲ್ಲಿ ನನ್ನನ್ನು ಉಳಿಸಿದ್ದು ಸೊಪ್ಪಿನ ವಿದ್ಯೆಯೇ.

ಯಾಕೆಂದರೆ ಪಿ.ಟಿ.ಯವರ ಬಳಿ ಇರುವುದನ್ನೆಲ್ಲ ಎಲ್ಲರೂ ಪುಕ್ಕಟೆ ಕೇಳುತ್ತಾರೆ. ಮೊದಲು ಕೇಳುವುದು ಪಿರಿಯಡ್. ಗಣಿತದ ಮೇಡಂ ಸ್ಟಾಫ್ ರೂಮಿನ ಬಾಗಿಲಲ್ಲೇ ನನ್ನನ್ನು ಹಿಡಿಯುತ್ತಿದ್ದರು.

‘ಮಂಜುಳಾ, ಪೋರ್ಷನ್ ಮುಗ್ದಿಲ್ಲ ಕಣೇ. ಇವತ್ತು ನಿನ್ ಪಿರಿಯಡ್ ಕೊಟ್ಬಿಡು.’

‘ತಗೊಳ್ಳಿ ಮೇಡಂ. ಪರೀಕ್ಷೆ ಮುಗಿದ್ಮೇಲೆ ನಿಮ್ಮವೆರಡು ನಂಗೆ.’

‘ಎರಡ್ಯಾಕೆ?’

‘ಬಡ್ಡಿ ಬೇಡ್ವಾ?’

ಅವರು ನಗುತ್ತಿದ್ದರು, ಆದರೆ ಎರಡು ಕೊಡುತ್ತಿದ್ದರು. ಪಿರಿಯಡ್ ಕೇಳಿದಾಗ ಇಲ್ಲವೆನ್ನಬೇಡಿ, ಸುಮ್ಮನೆ ಕೊಡಲೂ ಬೇಡಿ. ಸುಮ್ಮನೆ ಕೊಟ್ಟರೆ ಮುಂದಿನ ವರ್ಷದ ಟೈಮ್‌ಟೇಬಲಿನಲ್ಲಿ ಅದು ಇರುವುದೇ ಇಲ್ಲ.

ಚೌಕಾಸಿ ಕೈಕೊಟ್ಟದ್ದೂ ಉಂಟು. ಒಮ್ಮೆ ಚಿಕ್ಕಪೇಟೆಯ ಅಂಗಡಿಯವನನ್ನು ಮಧ್ಯಾಹ್ನವಿಡೀ ಗೋಳು ಹೊಯ್ದು ಥ್ರೋಬಾಲುಗಳನ್ನು ಅಗ್ಗಕ್ಕೆ ತಂದೆ. ಗೆದ್ದೆನೆಂದು ಬೀಗಿದೆ. ಒಂದು ವಾರ ಬಿಸಿಲು ಕಂಡ ಮೇಲೆ ಅವೆಲ್ಲ ಊದಿ ಕೋಳಿಮೊಟ್ಟೆಯ ಆಕಾರಕ್ಕೆ ಬಂದವು. ಎಸೆದರೆ ಎತ್ತಲೋ ಹೋಗುತ್ತಿದ್ದವು. ಮಕ್ಕಳಿಗೆ ಬಲು ಖುಷಿ. ಆ ಟರ್ಮ್ ಪೂರ್ತಿ ಅವರು ನಗುನಗುತ್ತ ಓಡಿದಷ್ಟು ಮತ್ತೆ ಯಾವತ್ತೂ ಓಡಲಿಲ್ಲ. ಈಗ ನೆನೆದರೆ ನನ್ನ ಇಡೀ ನೌಕರಿಯ ಒಳ್ಳೆಯ ವ್ಯಾಪಾರ ಅದೇ ಅನ್ನಿಸುತ್ತದೆ.

ಆಗ ನಮಗೆ ಗ್ರೌಂಡ್ ಇತ್ತು. ಶಾಲೆಯ ಹಿಂದೆ ಕೆಂಪು ಮಣ್ಣಿನ ಗ್ರೌಂಡ್, ಅಂಚಿನಲ್ಲಿ ಹೊಂಗೆ ಮರಗಳು. ಮಕ್ಕಳ ಸಂಖ್ಯೆ ಹೆಚ್ಚಿತು, ಹೊಸ ಬ್ಲಾಕ್ ಬೇಕಾಯಿತು. ಆಡಳಿತ ಮಂಡಳಿಯ ಸೆಕ್ರೆಟರಿಯವರು ನನ್ನನ್ನು ಕರೆಸಿ ನಕ್ಷೆ ತೋರಿಸಿದರು. ‘ಗ್ರೌಂಡ್ ಎಲ್ಲೂ ಹೋಗಲ್ಲಮ್ಮ. ಕಟ್ಟಡ ಎದ್ಮೇಲೆ ಕೆಳಗೆ ಪೂರ್ತಿ ಖಾಲಿ. ನೆರಳಲ್ಲೇ ಆಡ್ಬೋದು ಮಕ್ಕಳು.’ ಕಟ್ಟಡ ಎದ್ದಿತು. ಕೆಳಗಿನ ಖಾಲಿಯಲ್ಲಿ ಸ್ಕೂಲ್ ಬಸ್ಸುಗಳು ನಿಂತವು. ನನಗೆ ಉಳಿದದ್ದು ಬೋರ್‌ವೆಲ್ಲಿಗೂ ಕಾಂಪೌಂಡಿಗೂ ನಡುವಿನ ಒಂದು ಪಟ್ಟಿ ಜಾಗ. ಅಲ್ಲಿ ಥ್ರೋಬಾಲ್ ನೆಟ್ ಕಟ್ಟಿದರೆ ಸರ್ವೀಸ್ ಮಾಡುವವರು ಪಕ್ಕದ ಮನೆಯಲ್ಲಿ ನಿಲ್ಲಬೇಕಿತ್ತು.

ಟೆರೇಸ್ ಕೇಳಿದೆ. ಸೋಲಾರ್ ಪ್ಯಾನೆಲ್ ಬಂದವು. ಹತ್ತಿರದ ಪಾರ್ಕಿಗೆ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋದೆ. ಅಲ್ಲಿ ಬೆಳಿಗ್ಗೆ ಸಂಜೆ ವಾಕಿಂಗ್ ಮಾಡುವ ಹಿರಿಯರದೊಂದು ಗುಂಪು. ಅವರಲ್ಲೊಬ್ಬರು ಮಂಕಿ ಕ್ಯಾಪ್ ಹಾಕಿಕೊಂಡು ಗೇಟಿನಲ್ಲೇ ತಡೆದರು.

‘ಏನಮ್ಮಾ, ಬೋರ್ಡ್ ಓದಕ್ಕೆ ಬರಲ್ವಾ? ಇಲ್ಲಿ ಬಾಲ್ ಆಡಂಗಿಲ್ಲ.’

‘ಬಾಲೇ ತಂದಿಲ್ಲ ಸಾರ್. ಬರೀ ಓಡ್ತಾರೆ.’

‘ಓಡಿದ್ರೆ ಧೂಳೇಳತ್ತೆ.’

‘ಸರಿ, ನಡೀತಾರೆ.’

‘ನಡೆದ್ರೆ ಮಾತಾಡ್ತಾರೆ.’

‘ಮಾತಾಡ್ದೆ ಇರೋ ಮಕ್ಕಳನ್ನ ನಾನೆಲ್ಲಿಂದ ತರ್ಲಿ ಸಾರ್? ಹೋಗ್ಲಿ, ವಾರಕ್ಕೊಂದಿನ ನಿಮ್ ಪಾರ್ಕಿನ ಒಣಗಿದೆಲೆ ಎಲ್ಲಾ ಗುಡಿಸ್ಕೊಡ್ತೀವಿ. ಆಗ್ಬೋದಾ?’

ಆಗಬಹುದೆಂದರು. ಒಂದು ಟರ್ಮ್ ನಡೆಯಿತು. ಅಷ್ಟರಲ್ಲಿ ಹುಡುಗನೊಬ್ಬ ಕಲ್ಲು ಬೆಂಚು ಹಾರಲು ಹೋಗಿ, ಅದರ ಮೇಲೆ ಕೂತಿದ್ದ ಅಜ್ಜಿಯೊಬ್ಬರ ಫ್ಲಾಸ್ಕ್ ಒಡೆದ. ಅಜ್ಜಿ ನಕ್ಕರು, ಅವನಿಗೆ ಬಿಸ್ಕತ್ತನ್ನೂ ಕೊಟ್ಟರು. ಆದರೆ ದೂರು ಹೋಯಿತು. ಮನೆಗಳಿಂದಲೂ ಮೆಸೇಜುಗಳು ಬಂದವು: ಬಿಸಿಲು, ಸೊಳ್ಳೆ, ರಸ್ತೆ ದಾಟುವುದು ಅಪಾಯ. ಪಾರ್ಕೂ ಹೋಯಿತು.

ಆಗ ಶಾಲೆಗೆ ಬಂದದ್ದು ಗೇಮ್ ರೂಮ್.

ಎರಡನೇ ಮಹಡಿಯ ಹಳೆಯ ಕ್ರಾಫ್ಟ್ ಕೋಣೆಯಲ್ಲಿ ಗೋಡೆ ತುಂಬುವಷ್ಟು ಸ್ಕ್ರೀನ್. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಬ್ಯಾಂಡುಗಳು. ಬ್ಯಾಂಡ್ ಕಟ್ಟಿಕೊಂಡು ಕೈ ಬೀಸಿದರೆ ಸ್ಕ್ರೀನಿನ ಮನುಷ್ಯ ಗುದ್ದುತ್ತಾನೆ, ಬ್ಯಾಟ್ ಬೀಸುತ್ತಾನೆ, ದೋಣಿಗೆ ಹುಟ್ಟು ಹಾಕುತ್ತಾನೆ. ಕಂಪನಿಯಿಂದ ಬಂದಿದ್ದ ಹುಡುಗ, ‘ಸಖತ್ ವರ್ಕೌಟ್ ಮೇಡಂ, ಮಕ್ಕಳಿಗೆ ಗೊತ್ತೇ ಆಗಲ್ಲ ತಾವು ಎಕ್ಸರ್‌ಸೈಜ್ ಮಾಡ್ತಿದೀವಿ ಅಂತ’ ಎಂದ. ನಾನು ಮುಖ ಸಿಂಡರಿಸಿದೆ. ಆದರೂ ಬಂದದ್ದರಲ್ಲಿ ಲಾಭ ನೋಡುವವಳು ನಾನು. ಕೋಣೆಗೆ ಎರಡು ಫ್ಯಾನ್ ಹೆಚ್ಚಿಗೆ ಹಾಕಿಸಿಕೊಂಡೆ, ಕಿಟಕಿಗೆ ಪರದೆ ಕಟ್ಟಿಸಿಕೊಂಡೆ, ಕೀಲಿಕೈ ನನ್ನ ಬಳಿಯೇ ಇರಬೇಕೆಂದು ಪ್ರಿನ್ಸಿಪಾಲರಿಂದ ಒಪ್ಪಿಗೆ ಪಡೆದೆ. ಆ ಕೀಲಿಕೈ ನನ್ನ ಬಳಿ ಇದ್ದುದರಿಂದಲೇ ಸಿಂಚನಳ ವಿಷಯ ನನಗೆ ತಿಳಿದದ್ದು.

ಸಿಂಚನ ಒಂಬತ್ತನೇ ಕ್ಲಾಸು. ಬನಶಂಕರಿಯಲ್ಲಿ ಅವಳ ತಂದೆಗೆ ಸ್ಕೂಟರ್ ಬಿಡಿಭಾಗಗಳ ಅಂಗಡಿ. ಎತ್ತರದ ಹುಡುಗಿ, ದಪ್ಪ ಮೈ. ಪಿ.ಟಿ. ಪಿರಿಯಡ್ ಬಂತೆಂದರೆ ಆಡುವವರ ನೀರಿನ ಬಾಟಲಿ, ಕನ್ನಡಕ, ಐಡಿ ಕಾರ್ಡುಗಳನ್ನು ಕಾಯುವ ಕೆಲಸ ತಾನೇ ವಹಿಸಿಕೊಂಡು ಗೋಡೆಗೆ ಒರಗುತ್ತಿದ್ದಳು. ಅಷ್ಟು ಅಚ್ಚುಕಟ್ಟಾಗಿ ಕಾಯುತ್ತಿದ್ದಳೆಂದರೆ, ಅವಳನ್ನು ಆಡಲು ಕರೆಯಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಬಲವಂತಕ್ಕೆ ಒಮ್ಮೆ ಓಡಿಸಿದಾಗ ಹಿಂದಿನಿಂದ ಹುಡುಗರ ದನಿ ಬಂತು: ‘ಲೇ, ಜೆಸಿಬಿ ಬಂತು ಕಣ್ರೋ, ದಾರಿ ಬಿಡಿ!’ ಕೂಗಿದವನನ್ನು ಹಿಡಿದು ನಿಲ್ಲಿಸಿ ಬೈದೆ. ಸಿಂಚನ ಮತ್ತೆ ಗೋಡೆಗೆ ಒರಗಿದಳು.

ಗೇಮ್ ರೂಮ್ ಶುರುವಾದ ಮೇಲೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಬಾಗಿಲಲ್ಲಿ ನಿಂತಳು.

‘ಮಿಸ್, ಯಾರೂ ಇಲ್ದಾಗ ಆಡ್ಬೋದಾ?’

‘ಬಾಟಲಿ ಕಾಯೋರು ಯಾರು ಮತ್ತೆ?’

‘ಅಯ್ಯೋ ಮಿಸ್!’ ಎಂದಳು, ನಕ್ಕಳು.

ಪರದೆ ಎಳೆದೆ, ಬಾಕ್ಸಿಂಗ್ ಹಾಕಿಕೊಟ್ಟೆ, ಮೂಲೆಯಲ್ಲಿ ಕೂತು ಊಟದ ಡಬ್ಬಿ ತೆಗೆದೆ. ಅವಳ ಕಡೆ ನೋಡದಂತೆ ಇದ್ದೆ, ಅಮ್ಮ ಗಿರಾಕಿಯ ಎದುರು ಇರುತ್ತಿದ್ದ ಹಾಗೆ. ಮೊದಮೊದಲು ನಾಚಿಕೊಂಡು ಗುದ್ದಿದಳು. ಸ್ಕ್ರೀನಿನವನು ಬೀಳಲಿಲ್ಲ. ಆಮೇಲೆ ಹುಡುಗಿಗೆ ಸಿಟ್ಟು ಬಂತು. ಕಾಲು ಅಗಲಿಸಿ, ಸೊಂಟ ತಿರುಗಿಸಿ, ಭುಜದಿಂದ ಗುದ್ದಲು ತೊಡಗಿದಳು. ಯಾರೂ ಕಲಿಸಿರಲಿಲ್ಲ. ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಇಷ್ಟು ದಿನ ನನ್ನ ಎದುರಿಗೇ ಗೋಡೆಗೆ ಒರಗಿಕೊಂಡಿದ್ದ ಆಟಗಾರ್ತಿ ಇವಳೇ!

‘ಮಿಸ್, ಬೆವರು ನೋಡಿ ಮಿಸ್!’ ಎಂದು ತೋಳು ಚಾಚಿ ತೋರಿಸಿದಳು, ಹೊಸ ಬಳೆ ತೋರಿಸುವ ಹಾಗೆ.

ಆಮೇಲೆ ದಿನವೂ ಬಂದಳು. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುತ್ತಿದ್ದಳು. ಸಂಜೆ ಆಟೋ ಬಿಟ್ಟು ಗೆಳತಿಯ ಜೊತೆ ನಡೆದೇ ಮನೆಗೆ ಹೋಗುತ್ತಿದ್ದಳು. ‘ಥ್ರೋಬಾಲ್ ಸರ್ವೀಸ್ ಹೇಳ್ಕೊಡಿ ಮಿಸ್’ ಎಂದು ಒಂದು ದಿನ ತಾನಾಗಿಯೇ ಕೇಳಿದಳು. ಯಂತ್ರದ ಬಗ್ಗೆ ಸಿಂಡರಿಸಿದ್ದ ಮುಖವನ್ನು ನಾನು ಸರಿಮಾಡಿಕೊಂಡೆ. ಇಡೀ ಶಾಲೆಯಲ್ಲಿ ಆ ಕೋಣೆಯಿಂದ ಒಬ್ಬಳು ಎದ್ದು ನಿಂತಳು, ಅವಳನ್ನು ಹಾಗೇ ನಿಂತಿರುವಂತೆ ನೋಡಿಕೊಂಡರೆ ಸಾಕು ಎಂದುಕೊಂಡೆ. ಅಷ್ಟು ಸಣ್ಣ ಆಸೆಯನ್ನು ನಾನು ಅದಕ್ಕೆ ಮೊದಲು ಇಟ್ಟುಕೊಂಡಿರಲಿಲ್ಲ.

ಅಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂಗೆ ಒಂದು ಉಪಾಯ ಹೊಳೆಯಿತು. ಯಂತ್ರ ಹೇಗೂ ಪಾಯಿಂಟ್ ಕೊಡುತ್ತದೆ, ಅದನ್ನೇ ಪಿ.ಟಿ. ಅಂಕವೆಂದು ತೆಗೆದುಕೊಂಡು, ಪ್ರತಿ ವಾರ ರ‍್ಯಾಂಕ್ ಹಾಕಿ ಪೋಷಕರ ಫೋನಿಗೆ ಕಳಿಸುವುದು. ‘ಪಾರದರ್ಶಕವಾಗಿರತ್ತೆ ಮಂಜುಳಾ’ ಎಂದರು. ಮೊದಲ ವಾರ ಅಥರ್ವ ಎಂಬ ಹುಡುಗ ಮೊದಲನೆಯವನಾಗಿ ಬಂದ. ಊಟದ ಬಿಡುವಿನ ಆಟವನ್ನೇ ಲೆಕ್ಕಕ್ಕೆ ಕೊಟ್ಟಿದ್ದ ಸಿಂಚನ ಕೊನೆಯಿಂದ ಮೂರನೆಯವಳು.

ನನಗೆ ಅರ್ಥವಾಗಲಿಲ್ಲ. ಮುಂದಿನ ಪಿರಿಯಡ್ಡಿನಲ್ಲಿ ಕೋಣೆಯ ಹಿಂಭಾಗದಲ್ಲಿ ನಿಂತು ನೋಡಿದೆ. ಅಥರ್ವ ಕುರ್ಚಿಯಲ್ಲಿ ಆರಾಮಾಗಿ ಒರಗಿ, ಕೈಗೆ ಅಂಟಿದ ನೀರು ಒದರುವ ಹಾಗೆ ಮಣಿಕಟ್ಟನ್ನು ಪಟಪಟನೆ ಒದರುತ್ತಿದ್ದ. ಸ್ಕ್ರೀನಿನಲ್ಲಿ ಅವನ ಮನುಷ್ಯ ಎದುರಾಳಿಯನ್ನು ಚಚ್ಚಿ ಹಾಕುತ್ತಿದ್ದ. ಸುತ್ತಲೂ ಎಲ್ಲರೂ ಅದನ್ನೇ ಕಲಿತಿದ್ದರು. ಒಬ್ಬ ಬ್ಯಾಂಡನ್ನು ಜಾಮಿಟ್ರಿ ಬಾಕ್ಸಿಗೆ ಸುತ್ತಿ ಗಿಲಕಿಯಂತೆ ಅಲ್ಲಾಡಿಸುತ್ತಿದ್ದ. ಇನ್ನೊಬ್ಬ ಪಾದಕ್ಕೆ ಕಟ್ಟಿಕೊಂಡಿದ್ದ.

‘ಏನೋ ಇದು?’

‘ನನ್ ಕಾಲು ಯಾವಾಗ್ಲೂ ತಾನಾಗೇ ಅಲ್ಲಾಡತ್ತೆ ಮಿಸ್. ಮನೇಲಿ ಬೈತಾರೆ. ಇಲ್ಲಿ ಪಾಯಿಂಟ್ ಸಿಗತ್ತೆ.’

ನಗು ಬಂತು, ನಕ್ಕೆ. ಆಮೇಲೆ ಅಥರ್ವನ ಪಕ್ಕ ಹೋಗಿ ನಿಂತೆ. ‘ಎದ್ದು ಆಡೋ, ರಾಜ. ಕೂತ್ಕೊಂಡು ಬಾಕ್ಸಿಂಗ್ ಆಡೋರನ್ನ ಎಲ್ಲಾದ್ರೂ ನೋಡಿದೀಯಾ?’

ಅವನು ಎದುರುಮಾತಾಡುವ ಹುಡುಗನಲ್ಲ. ಮೆತ್ತಗೆ ಹೇಳಿದ: ‘ಮಿಸ್, ಬೆಳಿಗ್ಗೆ ಐದಕ್ಕೆ ಎದ್ದಿದೀನಿ. ಕೋಚಿಂಗು, ಸ್ಕೂಲು, ಮತ್ತೆ ಜೆಪಿ ನಗರಕ್ಕೆ ಹೋಗಿ ಕೋಚಿಂಗು. ಪೆನ್ ಹಿಡೀದೆ ಸುಮ್ನೆ ಕೂರಕ್ಕೆ ಸಿಗೋದು ಇದೊಂದೇ ಪಿರಿಯಡ್ಡು. ಪ್ಲೀಸ್ ಮಿಸ್.’

ಅವನನ್ನು ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ಹೊಸಬರಿಗೆ ಇದನ್ನು ಒತ್ತಿ ಹೇಳುತ್ತೇನೆ: ಮಕ್ಕಳು ಸೋಮಾರಿಗಳೆಂದು ಬೈಯುವ ಮೊದಲು ಅವರ ದಿನ ಹೇಗಿದೆಯೆಂದು ಕೇಳಿ. ಕೇಳಿದ ಮೇಲೆ ಬೈಯಲಾಗುವುದಿಲ್ಲ. ಬೈಯದೆ ಓಡಿಸುವುದು ಹೇಗೆಂದು ನನಗೆ ಗೊತ್ತಿಲ್ಲ.

ಕಂಪನಿಯ ಹುಡುಗನಿಗೆ ಫೋನ್ ಮಾಡಿದೆ. ಅವನು ಮುಚ್ಚಿಡಲಿಲ್ಲ. ‘ಮೇಡಂ, ಬ್ಯಾಂಡ್ ಎಷ್ಟು ಫಾಸ್ಟಾಗಿ ಅಲ್ಲಾಡ್ತು ಅನ್ನೋದಷ್ಟೇ ಅದಕ್ಕೆ ಗೊತ್ತಾಗೋದು. ಪೂರ್ತಿ ಕೈ ಬೀಸಿದ್ರೆ ಟೈಮ್ ಹಿಡಿಯತ್ತೆ, ಪಾಯಿಂಟ್ ಕಮ್ಮಿ. ಒದರಿದ್ರೆ ಜಾಸ್ತಿ. ಇಡೀ ಮೈ ನೋಡೋ ಕ್ಯಾಮೆರಾ ಮಾಡೆಲ್ ಬೇರೆ ಇದೆ. ನಾನು ಅದನ್ನೇ ಹೇಳಿದ್ದೆ. ನಿಮ್ ಸ್ಕೂಲಲ್ಲಿ ಇದು ಸಾಕು ಅಂದ್ರು.’

ಅಂದರೆ ಸಿಂಚನ ಸೊಂಟ ತಿರುಗಿಸಿ ಭುಜದಿಂದ ಗುದ್ದಿದ್ದೇ ಅವಳು ಹಿಂದೆ ಬೀಳಲು ಕಾರಣ. ಸರಿಯಾಗಿ ಆಡಿದಷ್ಟೂ ಅಂಕ ಕಡಿಮೆ.

ಪ್ರಿನ್ಸಿಪಾಲರ ಬಳಿ ಹೋದೆ. ಅರ್ಧ ಅಂಕ ನನಗಿರಲಿ ಎಂದು ಕೇಳಿದ್ದರೆ ಕಾಲು ಭಾಗವೂ ಸಿಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಹಾಗಾಗಿ ಅಂಕ ಪೂರ್ತಿ ನಾನೇ ಕೊಡುತ್ತೇನೆಂದು ಕೇಳಿ, ಕೊನೆಗೆ ಅರ್ಧಕ್ಕೆ ಇಳಿದೆ. ಅರ್ಧ ಯಂತ್ರದ್ದು, ಅರ್ಧ ನಾನು ನೋಡಿ ಕೊಟ್ಟದ್ದು. ಅವರು ಒಪ್ಪಿದರು. ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಕಾಫಿ ಹೇಳಿದೆ.

ಆ ಕಾಫಿಯ ರುಚಿ ಪೋಷಕರ ಸಭೆಯವರೆಗೆ ಉಳಿಯಿತು. ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. ಸಭ್ಯವಾಗಿಯೇ ಕೇಳಿದರು.

‘ಮೇಡಂ, ಮೆಷಿನ್ ಕೊಟ್ಟ ಮಾರ್ಕ್ಸಿಗೆ ಆಧಾರ ಇದೆ, ಫೋನಲ್ಲಿ ಗ್ರಾಫ್ ಬರತ್ತೆ. ನೀವು ಕೊಟ್ಟಿದ್ದಕ್ಕೆ ಏನಿದೆ?’

‘ನನ್ ಕಣ್ಣಿದೆ ಮೇಡಂ.’

ಸಭೆಯೆಲ್ಲ ನಕ್ಕಿತು. ನಾನು ತಮಾಷೆಗೆ ಹೇಳಿರಲಿಲ್ಲ. ಪ್ರಿನ್ಸಿಪಾಲರೂ ಮುಗುಳ್ನಕ್ಕು, ‘ಅದನ್ನ ಮತ್ತೆ ಪರಿಶೀಲಿಸೋಣ’ ಎಂದರು. ಮುಂದಿನ ವಾರದಿಂದ ಪೂರ್ತಿ ಅಂಕ ಯಂತ್ರದ್ದೇ ಆಯಿತು.

ಸಭೆ ಮುಗಿದ ಮೇಲೆ ಸಿಂಚನಳ ತಾಯಿ ಕಾರಿಡಾರಿನಲ್ಲಿ ಕಾದಿದ್ದರು. ‘ಮಿಸ್, ಅವರಪ್ಪ ದಿನಾ ಫೋನ್ ತೋರ್ಸಿ ಬೈತಾರೆ, ಆಟದಲ್ಲೂ ಕೊನೇನಾ ಅಂತ. ಏನಾದ್ರೂ ಮಾಡಿ ಇವಳನ್ನ ಸ್ವಲ್ಪ ಮೇಲಕ್ಕೆ ತನ್ನಿ.’

‘ನಿಮ್ ಮಗಳು ಎಷ್ಟು ಚೆನ್ನಾಗಿ ಆಡ್ತಾಳೆ ಗೊತ್ತೇನಮ್ಮ? ಉಸಿರು ಎಷ್ಟು ಗಟ್ಟಿಯಾಗಿದೆ, ಮೆಟ್ಟಿಲು ಹೇಗೆ ಹತ್ತುತ್ತಾಳೆ, ನೋಡಿದೀರಾ?’

‘ನೋಡಿದೀನಿ ಮಿಸ್. ಆದ್ರೆ ಅದು ಫೋನಲ್ಲಿ ಕಾಣಲ್ವಲ್ಲ.’

ನನ್ನ ಬಳಿ ಉಳಿದದ್ದು ಒಂದೇ ದಾರಿ. ವಾರ್ಷಿಕೋತ್ಸವದಲ್ಲಿ ಗೇಮಿನ ಫೈನಲ್ ವೇದಿಕೆಯ ಮೇಲೆ ನಡೆಯುವುದಿತ್ತು, ದೊಡ್ಡ ಪರದೆಯಲ್ಲಿ, ಪೋಷಕರೆಲ್ಲರ ಎದುರು. ಒಂದು ಹೌಸಿನಿಂದ ಅಥರ್ವ. ಇನ್ನೊಂದು ಹೌಸಿನ ಕ್ಯಾಪ್ಟನ್ ಹುಡುಗಿಯನ್ನು ಓಲೈಸಿ ಸಿಂಚನಳ ಹೆಸರು ಸೇರಿಸಿದೆ. ಸೋಲುತ್ತಾಳೆಂದು ಗೊತ್ತಿತ್ತು. ಒಬ್ಬ ಕೂತು ಕೈ ಒದರುವುದನ್ನೂ, ಒಬ್ಬಳು ನಿಂತು ಇಡೀ ಮೈಯಿಂದ ಗುದ್ದುವುದನ್ನೂ ಜನ ಅಕ್ಕಪಕ್ಕದಲ್ಲಿ ನೋಡಲಿ, ಪಾಯಿಂಟ್ ಏನೇ ಬರಲಿ, ಆಟ ಯಾವುದೆಂದು ಕಣ್ಣಿಗೆ ಕಾಣುತ್ತದೆ ಎನ್ನುವುದು ನನ್ನ ಲೆಕ್ಕಾಚಾರ.

‘ಗೆಲ್ಲೋದು ಬೇಡ ಕಣೇ. ಮಧ್ಯಾಹ್ನ ನನ್ನೆದುರು ಆಡ್ತೀಯಲ್ಲ, ಹಾಗೆ ಆಡು. ಜನ ನೋಡ್ಲಿ.’

‘ಆಯ್ತು ಮಿಸ್’ ಎಂದಳು.

ವೇದಿಕೆಯಲ್ಲಿ ಅಥರ್ವ ಅತಿಥಿಗಳ ಸಾಲಿನಿಂದ ಒಂದು ಕುರ್ಚಿ ಎಳೆದುಕೊಂಡು ಕೂತ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಸಿಂಚನ ನಿಂತಳು. ಗಂಟೆ ಹೊಡೆಯಿತು. ಕಾಲು ಅಗಲಿಸಿದಳು, ಸೊಂಟ ತಿರುಗಿಸಿ ಒಂದು ಗುದ್ದಿದಳು, ಇನ್ನೊಂದು ಗುದ್ದಿದಳು. ಚೂಡಿದಾರದ ವೇಲು ಹಾರಿತು. ಹಿಂದಿನ ಸಾಲಿನಿಂದ ಯಾರೋ, ‘ಜೆಸಿಬೀ!’ ಎಂದು ಕೂಗಿದರು. ನಗು ಸಾಲಿನಿಂದ ಸಾಲಿಗೆ ಹಬ್ಬಿ ಮುಂದೆ ಬಂತು. ಪೋಷಕರಲ್ಲೂ ಕೆಲವರು ನಕ್ಕರು, ಏನೆಂದು ತಿಳಿಯದೆಯೇ. ಎರಡು ಮೂರು ಮೊಬೈಲುಗಳು ಮೇಲೆದ್ದವು.

ಸಿಂಚನ ನಿಂತಲ್ಲೇ ನಿಂತಳು. ಆಮೇಲೆ ಹಿಂದೆ ಸರಿದು ಅತಿಥಿಗಳ ಸಾಲಿನಿಂದ ತಾನೂ ಒಂದು ಕುರ್ಚಿ ಎಳೆದುಕೊಂಡಳು. ವೇಲನ್ನು ಮಡಿಲಲ್ಲಿ ಸರಿಮಾಡಿಕೊಂಡು ಕೂತಳು. ಮಣಿಕಟ್ಟು ಒದರತೊಡಗಿದಳು. ಎಷ್ಟು ಚುರುಕಾಗಿ ಒದರಿದಳೆಂದರೆ, ಇಷ್ಟು ದಿನ ಗುದ್ದಿ ಗುದ್ದಿ ಕೈಗೆ ಬಂದಿದ್ದ ಕಸುವೆಲ್ಲ ಹಾಗೆ ಒದರುವುದಕ್ಕೆ ಹೋಯಿತು. ಅಥರ್ವ ಅವಳ ಹತ್ತಿರಕ್ಕೂ ಬರಲಿಲ್ಲ. ಪರದೆಯ ಮೇಲೆ ಪಟಾಕಿ ಸಿಡಿಯಿತು. ಹಾಲ್ ತುಂಬ ಚಪ್ಪಾಳೆ. ಮೂರನೇ ಸಾಲಿನಲ್ಲಿ ಅವಳ ತಂದೆ ಎದ್ದು ನಿಂತು ಫೋಟೋ ತೆಗೆಯುತ್ತಿದ್ದರು. ತಾಯಿ ನನ್ನತ್ತ ತಿರುಗಿ ಕೈ ಮುಗಿದರು.

ವೇದಿಕೆಯ ಹಿಂದೆ ಅವಳು ಕಪ್ ಹಿಡಿದುಕೊಂಡು ಬಂದಳು. ಮುಖದಲ್ಲಿ ಬೆವರಿನ ಒಂದು ಹನಿಯೂ ಇರಲಿಲ್ಲ.

‘ನಿಂತ್ಕೊಂಡು ಆಡು ಅಂದಿದ್ನಲ್ಲೇ, ಸಿಂಚನ.’

ಅವಳಿಗೆ ಬೇಸರವಿರಲಿಲ್ಲ. ಚಿಕ್ಕವರಿಗೆ ತಿಳಿಸಿ ಹೇಳುವ ಹಾಗೆ ನನಗೆ ಹೇಳಿದಳು.

‘ನಿಂತ್ಕೊಂಡು ಆಡಿದ್ರೆ ಎಲ್ರೂ ನನ್ನನ್ನ ನೋಡ್ತಾರೆ ಮಿಸ್. ಕೂತ್ಕೊಂಡ್ರೆ ಸ್ಕ್ರೀನ್ ನೋಡ್ತಾರೆ.’

ಮಾರನೇ ವಾರ ಊಟದ ಬಿಡುವಿನಲ್ಲಿ ಕೋಣೆ ತೆರೆದು ಕೂತಿದ್ದೆ. ಅವಳು ಬರಲಿಲ್ಲ, ಆಮೇಲೂ ಬರಲಿಲ್ಲ. ಆ ವರ್ಷವೇ ನಾನು ನಿವೃತ್ತಳಾದೆ. ಈ ಕೆಲಸಕ್ಕೆ ಸೇರುವವರು ಅವಳ ಆ ಮಾತಿಗೆ ಒಂದು ಉತ್ತರ ಹುಡುಕಿಟ್ಟುಕೊಂಡು ಸೇರಿ. ಪಿರಿಯಡ್ ಹೇಗೆ ಉಳಿಸಿಕೊಳ್ಳಬೇಕು, ಚೆಂಡು ಎಲ್ಲಿ ಕೊಳ್ಳಬೇಕು, ಯಾರನ್ನು ಹೇಗೆ ಓಲೈಸಬೇಕು ಎಲ್ಲವನ್ನೂ ನಾನು ಹೇಳಿಕೊಡಬಲ್ಲೆ. ಆ ಉತ್ತರ ಮಾತ್ರ ನನ್ನ ಬಳಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವತ್ತು ವೇದಿಕೆಯ ಹಿಂದೆ ಹುಡುಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ಏನಾದರೂ ಹೇಳಲೇಬೇಕಿತ್ತು.

‘ಕಪ್ ಹುಷಾರು ಕಣೇ, ಹಿಡಿಕೆ ಲೂಸಾಗಿದೆ’ ಎಂದೆ.